ಮಘೆ-ಹುಬ್ಬೆ ಮಳೆಗಳ ಹಕ್ಕಿಗಳು: ವಿಶಾಖಪಟ್ಟಣ, ವಿಜಯವಾಡಗಳ ವಲಸೆ ದಾಖಲೆಗಳನ್ನು ಓದುವ ಬಗೆ

ಯುರೋಪಿನ ಪಕ್ಷಿಶಾಸ್ತ್ರದ ಬರಹಗಳಲ್ಲಿ ಆಗಸ್ಟ್-ಸೆಪ್ಟೆಂಬರ್ ತಿಂಗಳುಗಳ ವಲಸೆಯನ್ನು ಶರತ್ಕಾಲದ ವಲಸೆಯೆಂದು ಗುರುತಿಸುವ ರೂಢಿಯಿದೆ. ಆಂಧ್ರಪ್ರದೇಶದ ಕರಾವಳಿಗೆ ಈ ಹೆಸರು ಒಪ್ಪುವುದಿಲ್ಲ. ಅಲ್ಲಿ ಅದು ಮಳೆಗಾಲ. ತೆಲುಗು ರೈತರು ಆ ಅವಧಿಯನ್ನು ಮಖ, ಪುಬ್ಬ, ಉತ್ತರ ‘ಕಾರ್ತೆ’ಗಳೆಂದೂ ಕನ್ನಡದ ರೈತರು ಮಘೆ, ಹುಬ್ಬೆ, ಉತ್ತರೆ ಮಳೆಗಳೆಂದೂ ಎಣಿಸುತ್ತಾರೆ. ಚಾಂದ್ರಮಾನದ ಶ್ರಾವಣ, ಭಾದ್ರಪದಗಳು ವರ್ಷದಿಂದ ವರ್ಷಕ್ಕೆ ಹಿಂದುಮುಂದಾಗುತ್ತವೆ. ಮಳೆನಕ್ಷತ್ರಗಳಾದರೋ ಸೂರ್ಯಗತಿಯನ್ನು ಅನುಸರಿಸುವುದರಿಂದ ಸ್ಥಿರವಾಗಿವೆ: ಮಘೆಯು ಆಗಸ್ಟ್ 17ರ ಸುಮಾರಿಗೂ ಹುಬ್ಬೆಯು ಆ ತಿಂಗಳ ಕೊನೆಗೂ ಉತ್ತರೆಯು ಸೆಪ್ಟೆಂಬರ್ 13ರ ಸುಮಾರಿಗೂ ಆರಂಭವಾಗುತ್ತವೆ. ಹಳ್ಳಿಗರು ಹಕ್ಕಿ ಬಂದ ಕಾಲವನ್ನು ಮಳೆಯ ಹೆಸರಿನಿಂದ ಹೇಳಿದರೆ ಎರಡು ವಾರಗಳ ಮಿತಿಯೊಳಗಿನ ದಿನಾಂಕವೇ ನಮಗೆ ದೊರೆತಂತೆ. ಕ್ಷೇತ್ರಕಾರ್ಯಕ್ಕೆ ಹೊರಡುವವರು ಇದನ್ನು ಅಲಕ್ಷಿಸಬಾರದೆಂದು ನಾವು ಭಾವಿಸುತ್ತೇವೆ.

ಆದರೆ ದಿನಾಂಕವೊಂದೇ ಸಾಲದು. ಭೀಮುನಿಪಟ್ಟಣದ ಬಳಿ ಗೋಸ್ಥನಿ ನದಿ ಕಡಲು ಸೇರುವಲ್ಲಿ ಮಘೆ ಮಳೆಯ ದಿನಗಳಲ್ಲಿ ಒಂದು ಗೊರವ ಕಂಡಿತೆಂದು ಇಟ್ಟುಕೊಳ್ಳೋಣ. ಗೊರವವೆಂದರೆ ಕೆಸರಿನಲ್ಲಿ ಕೊಕ್ಕಾಡಿಸಿ ಹುಳು ಹೆಕ್ಕುವ ನೀಳಗಾಲಿನ ಹಕ್ಕಿ. ಈ ಗುಂಪಿನ ಅನೇಕ ಜಾತಿಗಳು ಉತ್ತರ ಧ್ರುವದ ಅಂಚಿನ ಬಯಲುಗಳಲ್ಲಿ ಜೂನ್ ತಿಂಗಳಲ್ಲಿ ಮರಿ ಮಾಡಿ, ಜುಲೈ ಕೊನೆಯ ಹೊತ್ತಿಗೇ ಭಾರತದ ದಾರಿ ಹಿಡಿಯುತ್ತವೆ. ಮೊದಲು ಬರುವವು ವಯಸ್ಕ ಹಕ್ಕಿಗಳು. ಅವುಗಳ ಗರಿ ಸವೆದಿರುತ್ತದೆ, ಸಂತಾನಕಾಲದ ಬಣ್ಣ ಅಲ್ಲಲ್ಲಿ ಉಳಿದಿರುತ್ತದೆ. ಹೊಸ ಗರಿಯ ಮರಿಗಳು ಕೆಲವು ವಾರ ತಡೆದು, ದಾರಿ ತೋರುವ ಹಿರಿಯರಿಲ್ಲದೆ ತಾವಾಗಿ ಬರುತ್ತವೆ. ಇವೆರಡೂ ಅಲ್ಲದ ಮೂರನೆಯ ಬಗೆಯೂ ಉಂಟು. ಹಿಂದಿನ ವರ್ಷ ಹುಟ್ಟಿ, ಬೇಸಗೆಯಲ್ಲಿ ಉತ್ತರಕ್ಕೆ ಮರಳದೆ ನಮ್ಮ ಕರಾವಳಿಯಲ್ಲಿಯೇ ಉಳಿದ ಎಳೆಯ ಹಕ್ಕಿಗಳು ಈ ಬಗೆಯವು. ಆದ್ದರಿಂದ ಗರಿಯ ಸ್ಥಿತಿಯನ್ನು ಬರೆದಿಡದ ದಾಖಲೆಯಿಂದ ಆ ಹಕ್ಕಿ ಆಗತಾನೆ ಬಂದದ್ದೋ ಅಲ್ಲಿಯೇ ಇದ್ದದ್ದೋ ತಿಳಿಯುವುದಿಲ್ಲ. ‘ವಲಸೆ ಆರಂಭವಾಯಿತು’ ಎಂಬ ವಾಕ್ಯಕ್ಕೆ ಅದು ಆಧಾರವಾಗಲಾರದು.

ಚಾತಕದ ವಿಷಯದಲ್ಲಿಯೂ ಇಂಥದೇ ತೊಡಕಿದೆ. ಮುಂಗಾರಿನೊಡನೆ ಆಫ್ರಿಕದಿಂದ ಉತ್ತರ ಭಾರತಕ್ಕೆ ಬರುವ ಚಾತಕಗಳು ಬೇರೆ, ದಕ್ಷಿಣದಲ್ಲಿ ವರ್ಷವಿಡೀ ನೆಲೆಸಿರುವವು ಬೇರೆ. ಕವಿಸಮಯ ಇವೆರಡನ್ನೂ ಒಂದಾಗಿಸಿದೆ. ಸಂಶೋಧಕರು ಹಾಗೆ ಮಾಡುವಂತಿಲ್ಲ.

ವಿಶಾಖಪಟ್ಟಣದ ಹೆಚ್ಚಳವೆಂದರೆ ಪೂರ್ವಘಟ್ಟಗಳು ಅಲ್ಲಿ ಕಡಲಿಗೆ ತೀರ ಸಮೀಪಿಸುವುದು. ದಂಡೆಯ ಹಕ್ಕಿಗಳೊಡನೆ ಕಾಡಿನ ಹಕ್ಕಿಗಳ ಆಗಮನವನ್ನೂ ಅಲ್ಲಿ ಗಮನಿಸಬಹುದು. ಆಗ ವಿಶಾಖಪಟ್ಟಣ ಜಿಲ್ಲೆಗೆ ಸೇರಿದ್ದ ಲಂಬಸಿಂಗಿಯ ಕಾಡುಗಳಲ್ಲಿ ಟ್ರೆವರ್ ಪ್ರೈಸ್ ಅವರು 1970ರ ದಶಕದಲ್ಲಿ ನಡೆಸಿದ ಅಧ್ಯಯನ ಈ ದೃಷ್ಟಿಯಿಂದ ಗಮನಾರ್ಹವಾದುದು. ಹೆಬ್ಬೆರಳ ಗಾತ್ರದ ಹಸಿರು ಉಲಿಯಕ್ಕಿ ಚಳಿಗಾಲದಲ್ಲಿಯೂ ತನ್ನದೇ ಸೀಮೆಯನ್ನು ಗುರುತಿಸಿಕೊಂಡು ಕಾಯುತ್ತದೆಂಬುದನ್ನು 1981ರಲ್ಲಿ ಪ್ರಕಟವಾದ ಅವರ ಲೇಖನ ವಿವರಿಸಿತು. ಸೆಪ್ಟೆಂಬರಿನಲ್ಲಿ ಕೇಳಿಬರುವ ಅದರ ಚಿಲಿಪಿಲಿಯನ್ನು ಹಾದಿಹೋಕನ ದನಿಯೆಂದು ತಿಳಿಯದೆ, ಎಡೆ ಹಿಡಿಯಲು ಬಂದ ಒಕ್ಕಲಿನ ದನಿಯೆಂದು ಕೇಳುವುದು ಹೆಚ್ಚು ಸರಿ.

ವಿಜಯವಾಡದ ಪ್ರಶ್ನೆ ಇದಕ್ಕಿಂತ ಜಟಿಲವಾದುದು, ಏಕೆಂದರೆ ಅದು ನೀರಿನ ಪ್ರಶ್ನೆ. ನಗರದ ಅಂಚಿನಲ್ಲಿ ಹರಿಯುವ ಬುಡಮೇರು ಹೊಳೆ ಕೊಲ್ಲೇರು ಸರೋವರವನ್ನು ಸೇರುತ್ತದೆ. 2024ರ ಸೆಪ್ಟೆಂಬರ್ ಆರಂಭದಲ್ಲಿ ಇದೇ ಹೊಳೆ ಏರಿಯೊಡೆದು ನಗರವನ್ನು ಮುಳುಗಿಸಿತು. ಕನ್ನಡದ ಅಧ್ಯಯನಕಾರರಿಗೆ ಕೊಲ್ಲೇರು ಅಪರಿಚಿತವಲ್ಲ: ಕ್ರಿ.ಶ. 634ರ ಐಹೊಳೆ ಶಾಸನದಲ್ಲಿ ಇಮ್ಮಡಿ ಪುಲಕೇಶಿಯ ದಂಡಯಾತ್ರೆಯ ಸಂದರ್ಭದಲ್ಲಿ ಬರುವ ಕುನಾಲ ಸರೋವರವನ್ನು ವಿದ್ವಾಂಸರು ಇದರೊಡನೆ ಗುರುತಿಸಿದ್ದಾರೆ. ಪಂಪನ ಪೂರ್ವಜರ ವೆಂಗಿನಾಡು ಇದರ ಸುತ್ತಿನದೇ. 1946ರಲ್ಲಿ ಕೆ.ಕೆ. ನೀಲಕಂಠನ್ ಅವರು ಈ ಪ್ರದೇಶದಲ್ಲಿ ಹೆಜ್ಜಾರ್ಲೆಗಳ ದೊಡ್ಡ ಗೂಡುನೆಲೆಯೊಂದನ್ನು ಕಂಡರು. ತೆಲುಗಿನಲ್ಲಿ ಗೂಡಬಾತು ಎನಿಸುವ ಈ ಚೀಲಗೊಕ್ಕಿನ ಹಕ್ಕಿಗಳ ಆ ನೆಲೆ 1970ರ ದಶಕದಲ್ಲಿ ಇಲ್ಲವಾಯಿತು. ಮುಂದೆ ಸರೋವರದ ಬಹುಭಾಗ ಮೀನುಹೊಂಡವಾಯಿತು. 1999ರಲ್ಲಿ ಸುಮಾರು 308 ಚದರ ಕಿ.ಮೀ. ಪ್ರದೇಶ ಅಭಯಾರಣ್ಯವೆಂದು ಘೋಷಿತವಾಯಿತು, 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, 2006ರಲ್ಲಿ ಹೊಂಡಗಳ ಏರಿಗಳನ್ನು ಸರಕಾರವೇ ಒಡೆಸಿತು. ಬಳಿಕವೂ ಹೊಂಡಗಳು ಮತ್ತೆ ಮತ್ತೆ ತಲೆಯೆತ್ತಿವೆ.

ಇಲ್ಲಿ ಹಕ್ಕಿಗಳ ಒಟ್ಟು ಎಣಿಕೆ ದಾರಿತಪ್ಪಿಸುತ್ತದೆ. ಇಂದು ಆಟಪಾಕದಲ್ಲಿ ಹೆಜ್ಜಾರ್ಲೆಗಳು ಮತ್ತೆ ಗೂಡು ಕಟ್ಟುತ್ತಿವೆ; ಆಳವಾದ ಹೊಂಡದ ಮೀನು ಅವುಗಳಿಗೆ ಆಹಾರ. ಗೊರವಕ್ಕೆ ಬೇಕಾದುದು ಬೆರಳುದ್ದದ ನೀರು, ಮೆತ್ತನೆಯ ಕೆಸರು. ಹೊಂಡದ ಕಡಿದಾದ ಏರಿ ಅದಕ್ಕೆ ಕಾಲಿಡಲೂ ಎಡೆಗೊಡದು. ಒಂದು ಸಾವಿರ ಹೆಜ್ಜಾರ್ಲೆಗಳ ಲೆಕ್ಕವನ್ನು ತೋರಿಸಿ ಸರೋವರ ಸುಸ್ಥಿತಿಯಲ್ಲಿದೆಯೆಂದು ವಾದಿಸುವುದು ಗೊರವಗಳ ಮಟ್ಟಿಗೆ ಅನ್ಯಾಯ. ಮೇಲಾಗಿ ಹೆಜ್ಜಾರ್ಲೆಗಳ ಓಡಾಟ ಖಂಡಾಂತರದ್ದಲ್ಲ. ಅವು ಪರ್ಯಾಯದ್ವೀಪದೊಳಗೆ ನೀರನ್ನನುಸರಿಸಿ ತಿರುಗುತ್ತವೆ: ಕೊಲ್ಲೇರಿನಲ್ಲಿ ಮಳೆಗಾಲದ ಬೆನ್ನಿಗೇ ಗೂಡು ಹೂಡಿದರೆ, ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಡಿಸೆಂಬರಿನ ಅನಂತರ ಊರೊಳಗಿನ ಮರಗಳಲ್ಲಿ ಗೂಡು ಹೂಡುತ್ತವೆ.

ಮಘೆ-ಹುಬ್ಬೆಗಳಲ್ಲಿ ಸರೋವರ ತುಂಬಿ ಕೆಸರಿನ ಅಂಚು ಮುಳುಗಿದಾಗ ಗೊರವಗಳನ್ನು ಹುಡುಕಬೇಕಾದುದು ಅಭಯಾರಣ್ಯದ ಹೊರಗೆ, ಕೃಷ್ಣಾ ಕಾಲುವೆಗಳ ಬಯಲಿನಲ್ಲಿ ಆಗತಾನೆ ನಾಟಿಯಾದ ಬತ್ತದ ಗದ್ದೆಗಳಲ್ಲಿ. ಆ ಗದ್ದೆಗಳು ಯಾವ ರಕ್ಷಿತ ಪ್ರದೇಶದ ನಕ್ಷೆಯಲ್ಲಿಯೂ ಇಲ್ಲ.