ಹಳೆಯ ಕೋವಿ, ಹೊಸ ಕೈ

ಕನ್ನಡದಲ್ಲಿ ಬಂದೂಕಿಗೆ ಹೆಸರುಗಳು ಹಲವು. ‘ಬಂದೂಕು’, ‘ತುಪಾಕಿ’ ಎಂಬವು ಪಡುವಣ ನಾಡುಗಳ ಮಾತುಗಳು. ಆಯುಧದೊಡನೆಯೇ ನಮ್ಮ ನಾಡನ್ನು ಹೊಕ್ಕವು. ‘ಕೋವಿ’ ಮಾತ್ರ ನಮ್ಮ ಮನೆಯ ಮಾತು. ಅದರ ಮೂಲಾರ್ಥ ಕೊಳವೆ. ಹಾಗೆ ಹೆಸರಿಟ್ಟ ಜನ ಆ ಆಯುಧದ ತಿರುಳನ್ನೇ ಹಿಡಿದರೆನ್ನಬೇಕು. ಮರದ ಹಿಡಿ, ಚಕಮಕಿಯ ಯಂತ್ರ, ಹಿತ್ತಾಳೆಯ ಸಿಂಗಾರ ಇವೆಲ್ಲ ಆಮೇಲಿನವು. ನೇರವಾದ, ಬಿರುಕಿಲ್ಲದ ಒಂದು ಕೊಳವೆಯನ್ನು ಬಡಿದು ಮಾಡಬಲ್ಲವನು ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಮುಗಿಸಿದಂತೆ.

ಈ ಮಾತಿನ ಸತ್ಯವನ್ನು ತಮ್ಮ ತೋಳಿನಿಂದಲೇ ಕಂಡುಕೊಂಡಿರುವ ಒಂದು ಬಗೆಯ ಜನ ಅಮೆರಿಕದಲ್ಲಿದ್ದಾರೆ. ಮನೆಯ ಹಿಂದಣ ಸಣ್ಣ ಕಮ್ಮಟದಲ್ಲಿ, ಬಿಡುವಿನ ಸಂಜೆಗಳಲ್ಲಿ, ಇನ್ನೂರೈವತ್ತು ವರ್ಷಗಳ ಹಿಂದಿನ ರೈಫಲ್ಲೊಂದರ ಪ್ರತಿಕೃತಿಯನ್ನು ಕಟ್ಟುವುದು ಇವರ ಹವ್ಯಾಸ. ಪುರಾತನ ವಸ್ತುವನ್ನು ಕೊಂಡು ಗಾಜಿನ ಪೆಟ್ಟಿಗೆಯಲ್ಲಿಡುವ ಸಿರಿವಂತರ ಹವ್ಯಾಸ ಬೇರೆ, ಇದು ಬೇರೆ.

ಅವರು ಬಹುವಾಗಿ ಮೆಚ್ಚಿ ಅನುಕರಿಸುವುದು ‘ಕೆಂಟಕಿ ರೈಫಲ್’ ಎಂದು ಹೆಸರಾದ ಉದ್ದ ನಳಿಗೆಯ ಕೋವಿಯನ್ನು. ಹೆಸರು ಕೆಂಟಕಿಯದಾದರೂ ಅದರ ತವರು ಪೆನ್ಸಿಲ್ವೇನಿಯ. ಹದಿನೆಂಟನೆಯ ಶತಮಾನದಲ್ಲಿ ಜರ್ಮನ್ ನಾಡುಗಳಿಂದ ವಲಸೆ ಬಂದ ಕಮ್ಮಾರರು ತಮ್ಮ ದೇಶದ ಗಿಡ್ಡ, ದಪ್ಪ ಬೇಟೆಕೋವಿಯನ್ನು ಹೊಸ ಕಾಡಿಗೆ ತಕ್ಕಂತೆ ನೀಳವಾಗಿ, ತೆಳುವಾಗಿ ತಿದ್ದಿದರು. ನಳಿಗೆಯೊಂದೇ ೪೦ ಅಂಗುಲಕ್ಕೂ ಮೀರಿ ಬೆಳೆಯಿತು, ಗುಂಡು ಕಿರಿದಾಯಿತು, ಮದ್ದೂ ಸೀಸವೂ ಉಳಿದವು. ಅದಕ್ಕೆ ಕೆಂಟಕಿಯ ಹೆಸರು ಅಂಟಿಕೊಳ್ಳಲು ಒಂದು ಹಾಡು ಬಹುಮಟ್ಟಿಗೆ ಕಾರಣವಾಯಿತು. ೧೮೧೫ರ ನ್ಯೂ ಆರ್ಲಿಯನ್ಸ್ ಯುದ್ಧದಲ್ಲಿ ಕೆಂಟಕಿಯ ಬೇಟೆಗಾರರು ತೋರಿದ ಪರಾಕ್ರಮವನ್ನು ಹೊಗಳುವ ಲಾವಣಿಯೊಂದು ಮುಂದಿನ ದಶಕದಲ್ಲಿ ಜನಪ್ರಿಯವಾಯಿತು. ಕಮ್ಮಾರನ ಕೀರ್ತಿಯನ್ನು ಕವಿ ಬೇರೊಂದು ಸೀಮೆಗೆ ದಾನ ಮಾಡಿಬಿಟ್ಟ! ಕವಿಗಳು ಇಂತಹ ಅನ್ಯಾಯವನ್ನು ಎಲ್ಲ ದೇಶಗಳಲ್ಲಿಯೂ ಮಾಡಿದ್ದಾರೆ.

ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಗಳು ಈ ಕುಶಲಕರ್ಮಿಗಳ ಅನ್ನವನ್ನು ಕಿತ್ತುಕೊಂಡವು. ಅಪಲೇಶಿಯನ್ ಬೆಟ್ಟಗಳ ಮೂಲೆಗಳಲ್ಲಿ ಮಾತ್ರ ಕೆಲವು ಮನೆತನಗಳು ಕಸುಬನ್ನು ಇಪ್ಪತ್ತನೆಯ ಶತಮಾನದ ವರೆಗೆ ಎಳೆದು ತಂದವು. ೧೯೩೩ರಲ್ಲಿ ಬಾಯಿಂದ ಮದ್ದು ತುಂಬುವ ಕೋವಿಗಳ ಅಭಿಮಾನಿಗಳು ಒಂದು ರಾಷ್ಟ್ರೀಯ ಸಂಘವನ್ನು ಕಟ್ಟಿಕೊಂಡರು. ೧೯೫೪ರಲ್ಲಿ ಟೆನೆಸಿಯ ಯೂನಿಯನ್ ಸಿಟಿಯಲ್ಲಿ ಟರ್ನರ್ ಕರ್ಕ್‌ಲೆಂಡ್ ಎಂಬವರು ಹಳೆಯ ಕೋವಿಗಳ ಬಿಡಿಭಾಗಗಳನ್ನು ಮಾರುವ ‘ಡಿಕ್ಸಿ ಗನ್ ವರ್ಕ್ಸ್’ ಎಂಬ ಅಂಗಡಿಯನ್ನು ತೆರೆದರು. ಅಂಚೆಯ ಮೂಲಕ ನಳಿಗೆ, ಕುದುರೆ, ಕಮಾನುಗಳು ಮನೆಮನೆಗೆ ಹೋಗತೊಡಗಿದವು. ಇಂದಿನ ಹವ್ಯಾಸಿಗಳಲ್ಲಿ ಹೆಚ್ಚಿನವರು ನಳಿಗೆಯನ್ನೂ ಚಕಮಕಿಯ ಯಂತ್ರವನ್ನೂ ಸಿದ್ಧವಾಗಿ ತರಿಸಿಕೊಂಡು ಉಳಿದುದನ್ನು ತಾವು ಮಾಡುತ್ತಾರೆ. ಅದೂ ಸುಲಭವೇನಲ್ಲ. ಆದರೆ ಕಬ್ಬಿಣದ ಪಟ್ಟಿಯಿಂದಲೇ ಆರಂಭಿಸುವವರ ಮಾರ್ಗ ಬೇರೆ.

ಆ ಮಾರ್ಗವನ್ನು ಲೋಕಕ್ಕೆ ತೋರಿಸಿಕೊಟ್ಟವರು ವಾಲೇಸ್ ಗಸ್ಲರ್. ಒಂದು ಕಾಲಕ್ಕೆ ವರ್ಜೀನಿಯದ ರಾಜಧಾನಿಯಾಗಿದ್ದ ವಿಲಿಯಮ್ಸ್‌ಬರ್ಗ್ ಪಟ್ಟಣವನ್ನು ಹದಿನೆಂಟನೆಯ ಶತಮಾನದ ರೂಪಕ್ಕೆ ಮರಳಿ ತರುವ ಕಾರ್ಯ ೧೯೨೦ರ ದಶಕದಲ್ಲಿ ತೊಡಗಿತು. ಅಲ್ಲಿಯ ಕೋವಿ ಕಮ್ಮಟದಲ್ಲಿ ಗಸ್ಲರ್ ಅವರು ಹಳೆಯ ಉಪಕರಣಗಳಿಂದಲೇ ಒಂದು ರೈಫಲ್ಲನ್ನು ಆದಿಯಿಂದ ಅಂತ್ಯದ ವರೆಗೆ ನಿರ್ಮಿಸುವುದನ್ನು ೧೯೬೯ರ ಚಲನಚಿತ್ರವೊಂದು ದಾಖಲಿಸಿದೆ. ಸುಮಾರು ಒಂದು ಗಂಟೆಯ ಆ ಚಿತ್ರದಲ್ಲಿ ಕಥೆಯಿಲ್ಲ, ನಾಯಕಿಯಿಲ್ಲ. ಆದರೂ ಕಣ್ಣು ಕೀಳಲಾಗುವುದಿಲ್ಲ.

ಮೊದಲು ಕಬ್ಬಿಣದ ಚಪ್ಪಟೆ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ ಉದ್ದುದ್ದವಾಗಿ ಬಾಗಿಸಿ ಕೊಳವೆಯ ಆಕಾರಕ್ಕೆ ತರುತ್ತಾರೆ. ಬಳಿಕ ಒಳಗೊಂದು ಸರಳನ್ನು ತೂರಿಸಿ, ಕೆಲವೇ ಅಂಗುಲಗಳಷ್ಟು ಭಾಗವನ್ನು ಬೆಳ್ಳಗೆ ಕಾಯಿಸಿ, ಅಂಚಿಗೆ ಅಂಚು ಬೆಸೆಯುವಂತೆ ಸುತ್ತಿಗೆಯಿಂದ ಬಡಿಯುತ್ತಾರೆ. ಕಾವು ಕಡಿಮೆಯಾದರೆ ಬೆಸುಗೆ ಕೂಡದು; ಮಿತಿಮೀರಿದರೆ ಕಬ್ಬಿಣವೇ ಕಿಡಿಯಾಗಿ ಉರಿದುಹೋಗುತ್ತದೆ. ಆ ನಡುವಣ ಹದವನ್ನು ಬಣ್ಣದಿಂದ ತಿಳಿಯಬೇಕು. ಹೀಗೆ ತುಂಡುತುಂಡಾಗಿ ಬೆಸೆದ ಕೊಳವೆಯಲ್ಲಿ ಒಂದೆಡೆ ಲೋಪ ಉಳಿದರೂ ಮದ್ದು ಸಿಡಿದ ದಿನ ಅದನ್ನು ಹಿಡಿದವನ ಮುಖಕ್ಕೇ ಅಪಾಯ. ಇಲ್ಲಿ ಬೇಕಾದ ಮೆದು ಕಬ್ಬಿಣವನ್ನು ಈಗಿನ ಕಾರ್ಖಾನೆಗಳು ತಯಾರಿಸುವುದನ್ನು ಬಿಟ್ಟಿವೆ. ಕಸುಬುದಾರರು ಹಳೆಯ ಗಾಡಿಚಕ್ರದ ಪಟ್ಟಿ, ಕೆಡವಿದ ಸೇತುವೆಯ ಸರಳು ಮೊದಲಾದುವನ್ನು ಹುಡುಕಿ ತರಬೇಕಾಗಿದೆ.

ಬೆಸೆದ ಕೊಳವೆಯನ್ನು ಬೈರಿಗೆಯಿಂದ ಕೊರೆದು ನಯಗೊಳಿಸಿದ ಮೇಲೆ ಅದು ನೆಟ್ಟಗಿದೆಯೇ ಎಂದು ನೋಡುವ ಪರಿ ಸೋಜಿಗದ್ದು. ಒಳಗೆ ಒಂದು ಎಳೆಯನ್ನು ಬಿಗಿಯಾಗಿ ಹಾಯಿಸಿ, ಗೋಡೆಗೂ ಎಳೆಗೂ ನಡುವಣ ಬೆಳಕಿನ ಸಂದನ್ನು ಕಣ್ಣಿನಿಂದ ಅಳೆಯುತ್ತಾರೆ. ಡೊಂಕಿದ್ದೆಡೆ ಹದವಾಗಿ ಒಂದು ಪೆಟ್ಟು ಕೊಡುತ್ತಾರೆ.

ಇನ್ನು ‘ರೈಫಲ್’ ಎಂಬ ಹೆಸರಿಗೆ ಕಾರಣವಾದ ಸುರುಳಿಗೀರುಗಳು. ನಳಿಗೆಯ ಒಳಮೈಯಲ್ಲಿ ಸಾಮಾನ್ಯವಾಗಿ ಏಳೋ ಎಂಟೋ ಗೀರುಗಳು ಮೆಲ್ಲಗೆ ತಿರುಗುತ್ತ ಸಾಗುತ್ತವೆ; ಅವುಗಳಿಂದಾಗಿ ಗುಂಡು ಬುಗುರಿಯಂತೆ ಸುತ್ತುತ್ತ ಹೊರಟು ಗುರಿ ತಪ್ಪದೆ ಹೋಗುತ್ತದೆ. ಗೀರು ಕೊರೆಯುವ ಸಾಧನವಾದರೂ ಎಂತಹುದು? ಸುರುಳಿಯಾಗಿ ಕೆತ್ತಿದ ಒಂದು ಮರದ ದಿಮ್ಮಿ, ಅದರ ತುದಿಗೊಂದು ಸರಳು, ಸರಳಿನ ತಲೆಯಲ್ಲಿ ಗರಗಸದ ಹಲ್ಲಿನಂತಹ ಸಣ್ಣ ಉಕ್ಕಿನ ತುಣುಕು. ದಿಮ್ಮಿಯನ್ನು ಎಳೆದರೆ ಅದು ತನ್ನ ಸುರುಳಿಗೆ ತಕ್ಕಂತೆ ತಿರುಗುತ್ತದೆ. ಹಲ್ಲೂ ತಿರುಗುತ್ತ ಕೂದಲೆಳೆಯಷ್ಟು ಕಬ್ಬಿಣವನ್ನು ಕೆರೆದು ತರುತ್ತದೆ. ಹಲ್ಲು ಕಚ್ಚದೆ ಹೋದಾಗ ಅದರ ಅಡಿಗೆ ಒಂದು ಕಾಗದದ ಚೂರನ್ನಿಟ್ಟು ಎತ್ತರಿಸುತ್ತಾರೆ. ಮತ್ತೆ ಎಳೆತ, ಮತ್ತೆ ಕಾಗದ. ಒಂದೊಂದು ಗೀರಿಗೂ ಇಂತಹ ಲೆಕ್ಕವಿಲ್ಲದ ಎಳೆತಗಳು. ಕಬ್ಬಿಣವನ್ನು ಕಾಗದದ ಚೂರಿನಿಂದ ಗೆಲ್ಲುವ ಈ ಉಪಾಯವನ್ನು ಕಂಡಾಗ ನನ್ನಂತಹ ಪುಸ್ತಕದ ಹುಳುವಿಗೆ ಸಹಜವಾಗಿಯೇ ಹಿಗ್ಗಾಯಿತು.

ಚಕಮಕಿಯ ಯಂತ್ರದಲ್ಲಿ ಪರೀಕ್ಷೆ ಬೇರೆ ಬಗೆಯದು. ಕಮಾನನ್ನು ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದರೆ ಗಾಜಿನಂತೆ ಪೆಡಸಾಗುತ್ತದೆ. ಮತ್ತೆ ಹದವಾಗಿ ಕಾಯಿಸಿ ಆ ಪೆಡಸನ್ನು ಇಳಿಸಬೇಕು. ಇಳಿಸಿದ್ದು ಸಾಲದಾದರೆ ಮುರಿಯುತ್ತದೆ, ಹೆಚ್ಚಾದರೆ ಬಾಗಿ ಹಾಗೆಯೇ ಉಳಿಯುತ್ತದೆ. ಹಿಡಿಗೆ ಅಲೆಗೆರೆಗಳುಳ್ಳ ಮೇಪಲ್ ಮರ. ಆಮ್ಲದಲ್ಲಿ ಕಬ್ಬಿಣವನ್ನು ಕರಗಿಸಿದ ನೀರನ್ನು ಅದರ ಮೇಲೆ ಬಳಿದು ಬೆಂಕಿಯ ಕಾವನ್ನು ತೋರಿಸಿದರೆ, ಬಿಳಿಚಿದ್ದ ಮರದಲ್ಲಿ ಹುಲಿಪಟ್ಟೆಗಳು ಎದ್ದು ಬರುತ್ತವೆ. ಅಗಸೆ ಎಣ್ಣೆಯನ್ನು ಉಜ್ಜಿದ ಮೇಲೆ ಅದರ ಚೆಲುವನ್ನು ನೋಡಿಯೇ ತಿಳಿಯಬೇಕು.

ಇಷ್ಟು ಶ್ರಮವೇತಕ್ಕೆ ಎಂದು ಕೇಳುವವರುಂಟು. ನನಗೆ ಈ ಕೆಲಸ ನಮ್ಮ ಹಿಂದಿನ ಲಿಪಿಕಾರರ ಕೆಲಸವನ್ನು ನೆನಪಿಗೆ ತರುತ್ತದೆ. ಓಲೆಗರಿಯ ಮೇಲೆ ಕಂಠದಿಂದ ಕಾವ್ಯವನ್ನು ಪ್ರತಿ ಮಾಡಿದವನು ಅದರ ಒಂದೊಂದು ಅಕ್ಷರವನ್ನೂ ಬೆರಳಿನಿಂದ ಓದಿದವನು. ಅಚ್ಚಿನ ಪುಸ್ತಕದಲ್ಲಿ ಕಣ್ಣು ಜಾರಿ ಮುಂದಕ್ಕೋಡುವ ತೊಡಕಿನ ಪದ್ಯದಲ್ಲಿ ಅವನ ಕೈ ನಿಲ್ಲಲೇಬೇಕು. ಕೋವಿಯನ್ನು ಪ್ರತಿ ಮಾಡುವವನಿಗೂ ಹಾಗೆಯೇ. ಹಳೆಯ ಕೋವಿಯೊಂದರ ಮೇಲಿನ ಅರದ ಗುರುತು ವಸ್ತುಸಂಗ್ರಹಾಲಯದ ಪ್ರೇಕ್ಷಕನಿಗೆ ಬರಿಯ ಗೀಚು. ಅರವನ್ನು ಹಿಡಿದು ನೋಡಿದವನಿಗೆ ಹಳೆಯ ಕಮ್ಮಾರ ಎಲ್ಲಿ ತಡೆದ, ಎಲ್ಲಿ ಅವಸರಪಟ್ಟ ಎಂಬುದರ ಸುಳಿವು.

ಒಂದು ವಿನೋದವೂ ಇದರಲ್ಲಿದೆ. ಅಂದಿನ ಅಮೆರಿಕದ ಕಮ್ಮಾರರು ಚಕಮಕಿಯ ಯಂತ್ರಗಳನ್ನು ಎಷ್ಟೋ ವೇಳೆ ಇಂಗ್ಲೆಂಡಿನಿಂದಲೋ ಜರ್ಮನಿಯಿಂದಲೋ ಬಂದ ಸರಕಿನಿಂದ ಕೊಳ್ಳುತ್ತಿದ್ದರು. ನಳಿಗೆಯನ್ನು ಬೇರೆ ಕಮ್ಮಟದಿಂದ ತರಿಸುವುದೂ ಇತ್ತು. ಅವರ ದಿನದ ಬಹುಭಾಗ ಹಳೆಯ ಕೋವಿಗಳ ರಿಪೇರಿಯಲ್ಲಿಯೇ ಕಳೆಯುತ್ತಿತ್ತು. ಆದುದರಿಂದ ಎಲ್ಲವನ್ನೂ ಒಬ್ಬನೇ ಮಾಡುತ್ತೇನೆಂದು ಹಟ ಹಿಡಿದ ಇಂದಿನ ಹವ್ಯಾಸಿ, ಮೂಲದವನೇ ಅಪರೂಪಕ್ಕೆ ಪಾಲಿಸುತ್ತಿದ್ದ ವ್ರತವನ್ನು ಪಾಲಿಸುತ್ತಿದ್ದಾನೆ. ಪ್ರತಿ ಇಲ್ಲಿ ಮೂಲಕ್ಕಿಂತ ಮಡಿವಂತವಾಗಿದೆ!

ಆಯುಧವನ್ನು ಹೊಗಳುವಾಗ ಒಂದು ಅಳುಕು ಇರಬೇಕಾದುದೇ. ಈ ನೀಳ ಕೋವಿ ವಲಸೆಗಾರನಿಗೆ ಜಿಂಕೆಯ ಮಾಂಸವನ್ನು ಒದಗಿಸಿತು ನಿಜ. ಆ ಕಾಡುಗಳಲ್ಲಿ ಮೊದಲಿನಿಂದ ಬಾಳಿದ್ದ ಮೂಲನಿವಾಸಿಗಳನ್ನು ಹಿಂದೆ ಹಿಂದಕ್ಕೆ ತಳ್ಳಿದುದರಲ್ಲಿಯೂ ಅದರ ಪಾಲಿದೆ. ಹಿಡಿಯ ಮೇಲಿನ ಬಳ್ಳಿಯ ಕೆತ್ತನೆ ಆ ಕಥೆಯನ್ನು ಅಳಿಸಲಾರದು. ಕಾನೂನಿನ ಮಾತೂ ಇಲ್ಲಿ ಅವಶ್ಯ. ಅಮೆರಿಕದ ೧೯೬೮ರ ಸಂಯುಕ್ತ ಶಾಸನ, ತೋಟಾ ಬಳಸದೆ ಬಾಯಿಂದ ಮದ್ದು ತುಂಬುವ ಇಂತಹ ಪ್ರತಿಕೃತಿಗಳನ್ನು ಪುರಾತನ ವಸ್ತುಗಳ ಸಾಲಿಗೆ ಸೇರಿಸಿ ಸಾಮಾನ್ಯ ಬಂದೂಕುಗಳ ನಿಯಮಗಳಿಂದ ಹೊರಗಿಟ್ಟಿತು. ರಾಜ್ಯಗಳ ಕಟ್ಟಳೆಗಳು ಬೇರೆ ಬೇರೆ. ನಮ್ಮಲ್ಲಿ ೧೯೫೯ರ ಆಯುಧ ಶಾಸನದಂತೆ ಲೈಸೆನ್ಸಿಲ್ಲದೆ ಬಂದೂಕನ್ನು ತಯಾರಿಸುವುದು ಅಪರಾಧ. ಕೊಡವರಿಗೆ ಇರುವ ವಿನಾಯಿತಿ ಕೋವಿಯನ್ನು ಹೊಂದುವುದಕ್ಕೆ, ಮಾಡುವುದಕ್ಕಲ್ಲ. ನಮ್ಮ ತರುಣರು ಈ ವಿದ್ಯೆಯನ್ನು ಓದಿ ಸಂತೋಷಪಡಬಹುದು, ಹಿತ್ತಲಲ್ಲಿ ಕುಲುಮೆ ಹೂಡುವಂತಿಲ್ಲ.

ಕೊನೆಯದಾಗಿ, ಪ್ರತಿಗೂ ನಕಲಿಗೂ ಇರುವ ಅಂತರ. ಒಳ್ಳೆಯ ಪ್ರತಿಕೃತಿಗೆ ಒಂದಿಷ್ಟು ತುಕ್ಕು, ಒಂದಿಷ್ಟು ಕೊಳೆ, ನಾಲ್ಕು ಗಾಯಗಳನ್ನು ಸೇರಿಸಿದರೆ ಪುರಾತನವೆಂದು ಭಾರಿ ಬೆಲೆಗೆ ಮಾರಬಹುದು. ಹಾಗೆ ಮಾರುವವರೂ ಇಲ್ಲದಿಲ್ಲ. ಒಮ್ಮೆ ಅಂತಹ ಸುಳ್ಳು ವಸ್ತು ಸಂಗ್ರಹವೊಂದನ್ನು ಹೊಕ್ಕರೆ ಅದನ್ನು ನೋಡಿ ಚರಿತ್ರೆ ಬರೆಯುವ ವಿದ್ವಾಂಸನೂ ದಾರಿತಪ್ಪುತ್ತಾನೆ. ಪ್ರಕ್ಷಿಪ್ತ ಪದ್ಯವನ್ನು ನಂಬಿ ಕವಿಯ ಕಾಲವನ್ನು ನಿರ್ಣಯಿಸಿದಂತೆ. ಹಳೆಯ ಕಮ್ಮಾರರಲ್ಲಿ ಅನೇಕರು ತಮ್ಮ ಹೆಸರನ್ನು ನಳಿಗೆಯ ಮೇಲ್ಮೈಯಲ್ಲಿ ಕೆತ್ತುತ್ತಿದ್ದರು. ಪ್ರಾಮಾಣಿಕನಾದ ಇಂದಿನ ಕಸುಬುದಾರ ಅದೇ ಜಾಗದಲ್ಲಿ ಆ ಹಳಬನ ಹೆಸರನ್ನಲ್ಲ, ತನ್ನ ಹೆಸರನ್ನು ಕೆತ್ತುತ್ತಾನೆ. ಪಕ್ಕದಲ್ಲಿ, ನಮ್ಮ ಲಿಪಿಕಾರರು ಗ್ರಂಥದ ಕೊನೆಯಲ್ಲಿ ಸಂವತ್ಸರ, ಮಾಸ, ತಿಥಿಗಳನ್ನು ಬರೆದಂತೆ, ಕೋವಿ ಮುಗಿದ ವರ್ಷವನ್ನೂ.