ಪೆಟ್ಟಿಗೆ ಮೇಲಿನ ಲೂಮೆನ್ ನಂಬಬೇಡಿ: ರಾಗಿ ಹೊಲದ ಕಾವಲಿಗೆ ಬೇಕಾದ ಟಾರ್ಚ್ ಯಾವುದು?

ರಾಗಿ ತೆನೆ ಬಲಿಯುವ ಹೊತ್ತಿಗೆ ಉದ್ದನಪಲ್ಲಿಯ ಸುತ್ತಮುತ್ತ ರಾತ್ರಿ ನಿದ್ದೆ ಕಮ್ಮಿ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ, ಹೊಸೂರಿನಿಂದ ರಾಯಕೋಟೆಗೆ ಹೋಗುವ ರಸ್ತೆಯಲ್ಲಿ ಈ ಊರಿದೆ. ಹತ್ತಿರದಲ್ಲೇ ಸಾನಮಾವು ಕಾಡು. ಬನ್ನೇರುಘಟ್ಟ, ಜವಳಗಿರಿ ಕಡೆಯಿಂದ ಬರುವ ಆನೆ ಹಿಂಡುಗಳು ಕೊಯ್ಲಿನ ಕಾಲಕ್ಕೆ ಈ ಕಾಡಿನಲ್ಲಿ ಬೀಡುಬಿಡುತ್ತವೆ. ಕತ್ತಲಾದ ಮೇಲೆ ಹೊಲಕ್ಕೆ ಇಳಿಯುತ್ತವೆ. ಆಗ ಕಾವಲು ಕೂತ ರೈತನ ಕೈಯಲ್ಲಿರುವುದು ಒಂದು ಟಾರ್ಚ್ ಅಷ್ಟೇ.

ಆ ಟಾರ್ಚ್ ಕೊಳ್ಳುವಾಗ ಪೆಟ್ಟಿಗೆ ಮೇಲೆ '10,000 ಲೂಮೆನ್', ಬ್ಯಾಟರಿ ಮೇಲೆ '9900 ಎಂಎಎಚ್' ಅಂತ ಬರೆದಿರುತ್ತದೆ. ಅಂಗಡಿಯಲ್ಲಿ ಒತ್ತಿ ನೋಡಿದರೆ ಕಣ್ಣು ಕೋರೈಸುತ್ತದೆ. ಹೊಲದಲ್ಲಿ ಹತ್ತು ನಿಮಿಷ ಉರಿಸಿದರೆ ಮಂಕಾಗುತ್ತದೆ. ಹೀಗ್ಯಾಕೆ ಆಗುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲವರು ಟಾರ್ಚ್ ಬಿಚ್ಚಿ, ಭಾಗ ಬದಲಿಸಿ, ಅಳೆದು ನೋಡುವ ಹವ್ಯಾಸಿಗಳು. ಜಗತ್ತಿನ ಹಲವು ದೇಶಗಳಲ್ಲಿ ಇಂಥವರಿದ್ದಾರೆ. ಅವರ ಲೆಕ್ಕಾಚಾರ ಹೊಲ ಕಾಯುವವರಿಗೂ ಉಪಯೋಗಕ್ಕೆ ಬರುವಂಥದ್ದು.

ಮೊದಲು ಬ್ಯಾಟರಿ ಲೆಕ್ಕ

ಹಳ್ಳಿಗಳಲ್ಲಿ ಈಗಲೂ ಟಾರ್ಚನ್ನೇ 'ಬ್ಯಾಟ್ರಿ' ಎನ್ನುವವರಿದ್ದಾರೆ. ಮಾತಿನಲ್ಲಿ ಅರ್ಥವಿದೆ, ಟಾರ್ಚಿನ ಯೋಗ್ಯತೆ ಶುರುವಾಗುವುದೇ ಅಲ್ಲಿಂದ. ಈಗಿನ ಸಣ್ಣ ಟಾರ್ಚ್‌ಗಳಲ್ಲಿ ಹೆಚ್ಚಾಗಿ ಇರುವುದು 18650 ಎಂಬ ಲಿಥಿಯಂ ಅಯಾನ್ ಸೆಲ್. ಹೆಸರಿನಲ್ಲೇ ಅಳತೆ ಇದೆ: 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ. ಈ ಗಾತ್ರದ ಒಳ್ಳೆಯ ಸೆಲ್‌ನಲ್ಲೂ ಹಿಡಿಯುವುದು ಸುಮಾರು 3500 ಎಂಎಎಚ್. 9900 ಅಂತ ಬರೆದಿದ್ದರೆ ಅದು ಸುಳ್ಳು ಅಂತ ಅಲ್ಲೇ ಹೇಳಿಬಿಡಬಹುದು.

3500 ಎಂಎಎಚ್ ಅಂದರೆ 3.6 ವೋಲ್ಟ್‌ನಲ್ಲಿ ಸುಮಾರು 12.6 ವ್ಯಾಟ್‌ಅವರ್. ಒಳ್ಳೆಯ ಟಾರ್ಚ್ ಒಂದು ವ್ಯಾಟ್‌ಗೆ 100 ಲೂಮೆನ್ ಬೆಳಕು ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಆಗ 1000 ಲೂಮೆನ್‌ನಲ್ಲಿ ಉರಿಸಿದರೆ ಒಂದೂಕಾಲು ಗಂಟೆ, 100 ಲೂಮೆನ್‌ನಲ್ಲಿ ಉರಿಸಿದರೆ ಹನ್ನೆರಡು ಗಂಟೆ. 10,000 ಲೂಮೆನ್ ಬೇಕೆಂದರೆ 100 ವ್ಯಾಟ್ ಬೇಕು, ಅಂದರೆ ಒಂದೇ ಸೆಲ್‌ನಿಂದ ಹತ್ತಿರಹತ್ತಿರ 28 ಆಂಪಿಯರ್ ಎಳೆಯಬೇಕು. ಸಾಧಾರಣ ಸೆಲ್ ಅದನ್ನು ತಾಳುವುದಿಲ್ಲ.

ಲೂಮೆನ್ ಬೇರೆ, ದೂರ ಬೇರೆ

ಲೂಮೆನ್ ಎಂದರೆ ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕು. ಆ ಬೆಳಕು ಎಷ್ಟು ದೂರ ಹೋಗುತ್ತದೆ ಎಂಬುದನ್ನು ಹೇಳುವುದು ಕ್ಯಾಂಡೆಲಾ, ಅಂದರೆ ಒಂದು ದಿಕ್ಕಿನಲ್ಲಿ ಬೆಳಕಿನ ತೀವ್ರತೆ. ಎಲ್‌ಇಡಿಯ ಬೆಳಗುವ ಭಾಗ ಚಿಕ್ಕದಾಗಿ, ಅದರ ಸುತ್ತಲಿನ ಹೊಳೆಯುವ ಬಟ್ಟಲು ಅಗಲವಾಗಿ ಆಳವಾಗಿದ್ದರೆ ಕಡಿಮೆ ಲೂಮೆನ್‌ನಲ್ಲೂ ಬೆಳಕು ದೂರ ಹೋಗುತ್ತದೆ.

ಇದಕ್ಕೆ 2009ರಿಂದ ಅಮೆರಿಕದ ಎಎನ್‌ಎಸ್‌ಐ ಎಫ್‌ಎಲ್1 ಎಂಬ ಮಾನದಂಡ ಬಳಕೆಯಲ್ಲಿದೆ. ಹುಣ್ಣಿಮೆ ಬೆಳಕಿನಷ್ಟು, ಅಂದರೆ 0.25 ಲಕ್ಸ್ ಬೀಳುವ ದೂರವನ್ನೇ ಅದು ಟಾರ್ಚಿನ ದೂರ ಎನ್ನುತ್ತದೆ. ಲೆಕ್ಕ ಸುಲಭ: ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ದೂರ ಮೀಟರ್‌ನಲ್ಲಿ ಬರುತ್ತದೆ. 10,000 ಕ್ಯಾಂಡೆಲಾ ಇದ್ದರೆ 200 ಮೀಟರ್, 40,000 ಇದ್ದರೆ 400 ಮೀಟರ್. ದೂರ ಎರಡು ಪಟ್ಟಾಗಬೇಕಾದರೆ ತೀವ್ರತೆ ನಾಲ್ಕು ಪಟ್ಟಾಗಬೇಕು. ಹುಣ್ಣಿಮೆ ಬೆಳಕಿನಲ್ಲಿ ಏನೋ ಇದೆ ಅಂತ ಗೊತ್ತಾಗಬಹುದು, ಅದು ಆನೆಯೋ ಬಂಡೆಯೋ ಅಂತ ಗೊತ್ತಾಗಲಿಕ್ಕಿಲ್ಲ. ಹಾಗಾಗಿ ಬರೆದ ದೂರದ ಅರ್ಧವನ್ನಷ್ಟೇ ನಂಬುವುದು ಜಾಣತನ.

ಇನ್ನೊಂದು ಸಂಗತಿ. ಈ ಮಾನದಂಡದ ಪ್ರಕಾರ ಲೂಮೆನ್ ಅಳೆಯುವುದು ಸ್ವಿಚ್ ಒತ್ತಿದ 30 ಸೆಕೆಂಡ್‌ನಿಂದ ಎರಡು ನಿಮಿಷದ ಒಳಗೆ. ಉರಿಯುವ ಅವಧಿ ಎಣಿಸುವುದು ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವ ತನಕ. ಅಂದರೆ ಮೂರನೇ ನಿಮಿಷಕ್ಕೆ ಅರ್ಧ ಮಂಕಾದರೂ ಪೆಟ್ಟಿಗೆ ಮೇಲಿನ ಅಂಕೆ ಸುಳ್ಳಾಗುವುದಿಲ್ಲ!

ಬಿಚ್ಚಿದರೆ ಒಳಗೇನಿದೆ?

ಮುಂದಿನ ಬಳೆ ತಿರುಗಿಸಿದರೆ ಗಾಜು, ಬಟ್ಟಲು, ಎಲ್‌ಇಡಿ ಕೂರಿಸಿದ ಲೋಹದ ಬಿಲ್ಲೆ, ಅದರ ಹಿಂದೆ ಕರೆಂಟನ್ನು ಹತೋಟಿಯಲ್ಲಿಡುವ ಡ್ರೈವರ್, ಸ್ಪ್ರಿಂಗ್ ಸಿಗುತ್ತವೆ. ಹವ್ಯಾಸಿಗಳು ಮೊದಲು ಕೈ ಹಾಕುವುದು ಸ್ಪ್ರಿಂಗ್‌ಗೆ. ತೆಳ್ಳಗಿನ ಸ್ಪ್ರಿಂಗ್ ಕರೆಂಟನ್ನು ತಡೆಯುತ್ತದೆ, ಅದಕ್ಕೆ ತಾಮ್ರದ ತಂತಿಯನ್ನು ಜೊತೆಯಾಗಿ ಬೆಸೆದರೆ ಬೆಳಕು ಸ್ವಲ್ಪ ಹೆಚ್ಚುತ್ತದೆ. ಎರಡನೆಯದು ಬಿಲ್ಲೆ. ಅಲ್ಯೂಮಿನಿಯಂ ತೆಗೆದು ತಾಮ್ರದ್ದು ಹಾಕಿ, ಅಡಿಗೆ ಶಾಖ ದಾಟಿಸುವ ಪೇಸ್ಟನ್ನು ತೆಳುವಾಗಿ ಸವರುತ್ತಾರೆ. ಆಮೇಲೆ ಬೇಕಿದ್ದರೆ ಎಲ್‌ಇಡಿ, ಡ್ರೈವರ್ ಬದಲಾವಣೆ. 7135 ಎಂಬ ಚಿಪ್ ಒಂದೊಂದು 350 ಮಿಲಿ ಆಂಪಿಯರ್ ಬಿಡುತ್ತದೆ, ಎಂಟು ಇದ್ದರೆ 2.8 ಆಂಪಿಯರ್.

ಕರೆಂಟ್ ಏರಿಸುತ್ತಾ ಹೋದರೆ ಆಯಿತಲ್ಲ ಅನ್ನಿಸಬಹುದು. ಆಗುವುದಿಲ್ಲ. ಹಳೆಯ ತಂತಿಯ ಬಲ್ಬ್ ತನ್ನ ಶಾಖವನ್ನು ಬಹುಪಾಲು ಬೆಳಕಿನ ಜೊತೆಗೇ ಹೊರಗೆ ಎಸೆಯುತ್ತಿತ್ತು. ಎಲ್‌ಇಡಿಯ ಶಾಖ ಹಿಂದಕ್ಕೆ ಬರುತ್ತದೆ, ಅದು ಟಾರ್ಚಿನ ಮೈಯಿಂದಲೇ ಹೊರಹೋಗಬೇಕು. ಅಂಗೈಯಗಲದ ಟಾರ್ಚಿಗೆ ಅಷ್ಟು ಮೈ ಎಲ್ಲಿದೆ? ಬಿಸಿಯಾದಂತೆ ಎಲ್‌ಇಡಿಯ ಬೆಳಕು ಕುಗ್ಗುತ್ತದೆ, ಒಳ್ಳೆಯ ಡ್ರೈವರ್ ತಾನೇ ಕರೆಂಟ್ ಇಳಿಸುತ್ತದೆ, ಕೆಟ್ಟದ್ದು ಎಲ್‌ಇಡಿಯನ್ನೇ ಸುಡುತ್ತದೆ. ಆದ್ದರಿಂದ ಅನುಭವಿಗಳು ಶಾಖದ ದಾರಿ ಸರಿ ಮಾಡದೆ ಕರೆಂಟ್ ಏರಿಸುವುದಿಲ್ಲ.

ಮನೆಯಲ್ಲೇ ಪರೀಕ್ಷೆ

ಲಕ್ಸ್ ಮೀಟರ್‌ಗೆ ಐದು ಮೀಟರ್ ದೂರದಿಂದ ಬೆಳಕು ಬಿಡಿ, ಬಂದ ಅಂಕೆಯನ್ನು 25ರಿಂದ ಗುಣಿಸಿ. 1600 ಲಕ್ಸ್ ಬಂದರೆ 40,000 ಕ್ಯಾಂಡೆಲಾ. ಮೀಟರ್ ಇಲ್ಲದಿದ್ದರೆ ಮೊಬೈಲ್ ಆ್ಯಪ್ ಸಾಕು, ಆದರೆ ಅದು ಎರಡು ಟಾರ್ಚ್‌ಗಳನ್ನು ಹೋಲಿಸಲು ಮಾತ್ರ. ಉರಿಯುವ ಅವಧಿಗೆ ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಮಾಡಿನ ಕಡೆ ತಿರುಗಿಸಿ ನಿಲ್ಲಿಸಿ, ಪಕ್ಕದಲ್ಲಿ ಮೊಬೈಲ್ ಇಟ್ಟು ಐದೈದು ನಿಮಿಷಕ್ಕೆ ಅಂಕೆ ಬರೆದುಕೊಳ್ಳಿ. ಅರ್ಧ ಗಂಟೆಯ ಪಟ್ಟಿ ನೋಡಿದರೆ ಟಾರ್ಚಿನ ನಿಜಬಣ್ಣ ಬಯಲಾಗುತ್ತದೆ.

ಇಲ್ಲಿ ತಮಾಷೆ ಸಲ್ಲದು. ಲಿಥಿಯಂ ಸೆಲ್ 4.2 ವೋಲ್ಟ್‌ಗಿಂತ ಹೆಚ್ಚು ಚಾರ್ಜ್ ಆದರೆ, ಧ್ರುವಗಳು ಲೋಹಕ್ಕೆ ತಾಗಿ ಶಾರ್ಟ್ ಆದರೆ ಬೆಂಕಿ ಹತ್ತಬಹುದು. ಹೊದಿಕೆ ಹರಿದ ಸೆಲ್ ಬಳಸಬೇಡಿ, ಬಿಡಿ ಸೆಲ್ಲನ್ನು ಚಿಲ್ಲರೆ, ಕೀಲಿಕೈ ಜೊತೆ ಕಿಸೆಗೆ ಹಾಕಬೇಡಿ. ಬೆಳಕನ್ನು ಯಾರ ಕಣ್ಣಿಗೂ ಹಾಯಿಸಬೇಡಿ.

ಹೊಲಕ್ಕೆ ಬೇಕಾದದ್ದು ಇಷ್ಟೇ

ಕಾವಲಿನವನಿಗೆ ಬೇಕಾದದ್ದು ಎರಡು ಬೆಳಕು. ದಾರಿ ನೋಡಲು ರಾತ್ರಿಯಿಡೀ ಉರಿಯುವ 100 ಲೂಮೆನ್, ಹೊಲದಂಚು ನೋಡಲು ಕೆಲವೇ ಸೆಕೆಂಡ್ ಒತ್ತುವ ದೂರದ ಬೆಳಕು. ಎರಡೂ ಒಂದೇ ಟಾರ್ಚಿನಲ್ಲಿ ಸಿಕ್ಕರೂ ಕಿಸೆಯಲ್ಲಿ ಇನ್ನೊಂದು ಸಣ್ಣದು ಇರಲಿ.

ಎಷ್ಟೇ ಶಕ್ತಿಯ ಟಾರ್ಚಾದರೂ ಅದು ಆನೆ ಓಡಿಸುವ ಆಯುಧವಲ್ಲ. ಕಣ್ಣಿಗೆ ನೇರ ಬೆಳಕು ಬಿದ್ದ ಆನೆ ಗಾಬರಿಯಾಗಿ ಬೆಳಕಿನ ಕಡೆಗೇ ನುಗ್ಗಬಹುದು. ಟಾರ್ಚ್ ಇರುವುದು ಆನೆಯನ್ನು ದೂರದಲ್ಲೇ ಗುರುತಿಸಿ, ಹಿಂದೆ ಸರಿದು, ಅರಣ್ಯ ಇಲಾಖೆಗೆ ತಿಳಿಸಲು. ಅಷ್ಟು ಹೊತ್ತು ಬೆಳಕು ಕೈಕೊಡದಿದ್ದರೆ ಆ ಟಾರ್ಚಿಗೆ ಕೊಟ್ಟ ದುಡ್ಡು ಸಾರ್ಥಕ.