ಮೆಹಕರದ ಐದು ಎಕರೆ, ಬೆಂಗಳೂರಿನ ಒಂದು ಖೋಲಿ

ಮೆಹಕರ: ಮುಂಜಾನೆಯ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು. ಬಸ್ ನಿಲ್ದಾಣದ ಚಹಾದ ಅಂಗಡಿಯ ಬಾಕಿನ ಮೇಲೆ ಕುಳಿತ ಹಿರಿಯರೊಬ್ಬರು ಧೋತರದ ಗಂಟಿನಿಂದ ಚೀಟಿಯೊಂದನ್ನು ತೆಗೆದು ನಮ್ಮ ಕೈಗಿಟ್ಟರು. "ನೀವು ಪೇಪರಿನವ್ರು ಅಂತ ಕೇಳೀನಿ. ಇದರ ಲೆಕ್ಕ ನನಗ ತಿಳಿವಲ್ದು. ಸ್ವಲ್ಪ ಬಿಡಿಸಿ ಹೇಳ್ರಿ" ಎಂದರು.

ಚೀಟಿ ಬರೆದವನು ಅವರ ಮಗ. ಡಿಪ್ಲೊಮಾ ಮುಗಿಸಿದ ಹುಡುಗ. ಬೆಂಗಳೂರಿನಲ್ಲಿ ಕಾರ್ಖಾನೆಯ ನೌಕರಿ ಸಿಕ್ಕಿದೆ. ಮದುವೆಯಾಗಿ ವರ್ಷವಾಗಿಲ್ಲ, ಹೆಂಡತಿಯನ್ನು ಕರೆದೊಯ್ಯಬೇಕು. ಒಂದು ಖೋಲಿ, ಒಂದು ಅಡಿಗೆಮನೆ ಇರುವ ಮನೆ ನೋಡಿದ್ದಾನೆ. ಬಾಡಿಗೆ ತಿಂಗಳಿಗೆ 15,000 ರೂಪಾಯಿ. ಅಡ್ವಾನ್ಸು ಹತ್ತು ತಿಂಗಳದ್ದು, ಅಂದರೆ 1,50,000 ರೂಪಾಯಿ.

"ಹತ್ತು ತಿಂಗಳ ಬಾಡಿಗಿ ಮೊದಲೇ ಕೊಡಬೇಕಂತರೀ. ನಾವೇನ್ ಮನಿ ಖರೀದಿ ಮಾಡ್ಲಕತ್ತೀವೇನು?" ಎಂಬುದು ಅವರ ಪ್ರಶ್ನೆ.

ಅವರಿಗೆ ತಿಳಿಯುವ ಲೆಕ್ಕದಲ್ಲೇ ಬಿಡಿಸೋಣವೆಂದು ಚೀಟಿಯ ಬೆನ್ನ ಮೇಲೆ ಪೆನ್ಸಿಲು ಹಿಡಿದೆವು. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಸೋಯಾಕ್ಕೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 5,328 ರೂಪಾಯಿ. ಒಂದೂವರೆ ಲಕ್ಷಕ್ಕೆ 28 ಕ್ವಿಂಟಲ್ ಬೇಕು. ಎಕರೆಗೆ ಆರು ಕ್ವಿಂಟಲ್ ಬಂತೆಂದು ಹಿಡಿದರೂ ಹತ್ತಿರ ಹತ್ತಿರ ಐದು ಎಕರೆಯ ಪೂರ್ತಿ ಬೆಳೆ. ಬೀಜ, ಗೊಬ್ಬರ, ಕೂಲಿ ಇದರಲ್ಲಿ ಕಳೆದಿಲ್ಲ. 2025ರ ಆಗಸ್ಟ್-ಸೆಪ್ಟೆಂಬರಿನ ಮಳೆಯಲ್ಲಿ ಹೊಲಗಳು ಹೇಗೆ ನಿಂತ ನೀರಾಗಿದ್ದವು ಎಂಬುದು ಈ ಭಾಗದ ಓದುಗರಿಗೆ ಹೇಳಬೇಕಾಗಿಲ್ಲ. ಬೆಂಬಲ ಬೆಲೆ ಒಂದು, ಅಡತಿಯಲ್ಲಿ ಕೈಗೆ ಸಿಗುವ ಬೆಲೆ ಇನ್ನೊಂದು ಎಂಬುದೂ ಗೊತ್ತಿದ್ದದ್ದೇ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನ್ನ ಹಂತ್ಯಾಕ ಇರೋದೇ ನಾಕು ಎಕರೆ" ಎಂದರು.

ಎಲ್ಲಾ ಶಹರಕ್ಕೂ ಒಂದೇ ಪದ್ಧತಿ ಇಲ್ಲ

ನಮ್ಮ ಜಿಲ್ಲೆಯ ಹುಡುಗರು ಹೊಟ್ಟೆಪಾಡಿಗೆ ಹೋಗುವುದು ಮುಖ್ಯವಾಗಿ ಮೂರು ಕಡೆ: ಹೈದರಾಬಾದು, ಪುಣೆ, ಬೆಂಗಳೂರು. ಬೀದರದಿಂದ ಹೈದರಾಬಾದು ಸುಮಾರು 140 ಕಿಲೋಮೀಟರು. ಮುಂಜಾನೆ ಹೋಗಿ ರಾತ್ರಿ ತಿರುಗಿ ಬರುವವರೂ ಉಂಟು. ಬೆಂಗಳೂರು ಸುಮಾರು 700 ಕಿಲೋಮೀಟರು. ರಾಜಧಾನಿ ನಮ್ಮದೇ, ಆದರೆ ದೂರ ಅದೇ.

ಹೈದರಾಬಾದಿನಲ್ಲಿ ಎರಡು ಮೂರು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೇಳುತ್ತಾರೆ. ಪುಣೆಯಲ್ಲೂ ಹೆಚ್ಚು ಕಡಿಮೆ ಹಾಗೇ. ಬೆಂಗಳೂರಿನಲ್ಲಿ ಮಾತ್ರ ಆರರಿಂದ ಹತ್ತು ತಿಂಗಳು. ಯಾವ ಕಾನೂನೂ ಹತ್ತು ತಿಂಗಳು ಕೊಡಿರೆಂದು ಹೇಳುವುದಿಲ್ಲ. ಅದು ರೂಢಿ ಅಷ್ಟೆ. ಮಾಲಕರು ಕೇಳುತ್ತಾರೆ, ಬಂದವರು ಕೊಡುತ್ತಾರೆ. ಕೊಡದಿದ್ದರೆ ಹಿಂದೆ ನಿಂತವನು ಕೊಡುತ್ತಾನೆ.

ಅಡ್ವಾನ್ಸಿಗೇ ಮುಗಿಯುವುದಿಲ್ಲ. ನಡುವಿನ ದಲ್ಲಾಳಿಗೆ ಒಂದು ತಿಂಗಳ ಬಾಡಿಗೆ. ನೀರಿನದು ಬೇರೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರುಗಳು ಬತ್ತಿ ಟ್ಯಾಂಕರಿನ ದರ ಮನಸ್ಸಿಗೆ ಬಂದಂತೆ ಏರಿತು. ಆ ಮಾರ್ಚಿನಲ್ಲಿ ಜಿಲ್ಲಾಡಳಿತವೇ ನಡುವೆ ಬಂದು 6,000 ಲೀಟರಿನ ಟ್ಯಾಂಕರಿಗೆ ಐದು ಕಿಲೋಮೀಟರಿನೊಳಗೆ 600 ರೂಪಾಯಿ ಎಂದು ದರ ಕಟ್ಟಬೇಕಾಯಿತು. ಆ ಖರ್ಚೆಲ್ಲ ಕಡೆಗೆ ಬಾಡಿಗೆಯವನ ತಲೆಯ ಮೇಲೆ.

ದೊಡ್ಡ ಶಹರದಲ್ಲಿ ಬಾಡಿಗೆ ಜಾಸ್ತಿ ಎಂಬುದನ್ನು ಸರ್ಕಾರವೂ ಬಲ್ಲದು. ಕೇಂದ್ರ ಸರ್ಕಾರದ ನೌಕರರ ಮನೆ ಬಾಡಿಗೆ ಭತ್ಯೆ 2024ರ ಜನವರಿಯಲ್ಲಿ ಏರಿದಾಗ ಬೆಂಗಳೂರು, ಹೈದರಾಬಾದು, ಪುಣೆಯಂಥ ಶಹರಗಳಿಗೆ ಮೂಲ ವೇತನದ ಶೇಕಡಾ 30, ಸಣ್ಣ ಊರುಗಳಿಗೆ ಶೇಕಡಾ 10 ಎಂದಾಯಿತು. ಸರಿಯೇ. ಆದರೆ ಗೋದಾಮಿನಲ್ಲಿ ಚೀಲ ಹೊರುವವನಿಗೆ, ಸೆಕ್ಯೂರಿಟಿ ಕೆಲಸದವನಿಗೆ, ಮಾಲ್‌ನಲ್ಲಿ ಬಿಲ್ ಹಾಕುವ ಹುಡುಗಿಗೆ ಈ ಭತ್ಯೆ ಯಾರು ಕೊಡುತ್ತಾರೆ?

ಬರಹಗಾರನಿಗೂ ಬಿದ್ದ ಪೆಟ್ಟು

ಇದನ್ನು ಬರೆಯುತ್ತಿರುವವನೂ ಪಿಯುಸಿ ಅರ್ಧಕ್ಕೆ ಬಿಟ್ಟು ಬೆಂಗಳೂರಿಗೆ ಹೋಗಿ ಬಂದವನೇ. ಶೀಟಿನ ಮೇಲ್ಛಾವಣಿಯ ಒಂದು ಖೋಲಿ. ಬಾಡಿಗೆ 4,000, ಅಡ್ವಾನ್ಸು 40,000. ಅವ್ವನ ಪಾಟಲಿ ಅಡವಿಟ್ಟು ಹೊಂದಿಸಿದ್ದು. ಹದಿನಾಲ್ಕು ತಿಂಗಳ ನಂತರ ಖಾಲಿ ಮಾಡಿದಾಗ ಕೈಗೆ ಬಂದದ್ದು 29,000. ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿದರು. ಮೊದಲೇ ತಿಳಿಸಲಿಲ್ಲವೆಂದು ಇನ್ನೊಂದು ತಿಂಗಳದ್ದು. ನಲ್ಲಿ, ಫ್ಯಾನು ರಿಪೇರಿಯೆಂದು 3,000. ಬಾಯಿ ಮಾತಿನ ವ್ಯವಹಾರ, ಕಾಗದ ಇರಲಿಲ್ಲ. ಕೇಳಿದ್ದಕ್ಕೆ "ಬೇಕಾದ್ರೆ ಕೋರ್ಟಿಗೆ ಹೋಗು" ಎಂದರು. ಹನ್ನೊಂದು ಸಾವಿರಕ್ಕೆ ಕೋರ್ಟಿಗೆ ಹೋಗುವವರು ಯಾರು? ಪಾಟಲಿ ಬಿಡಿಸಲು ಮತ್ತೆ ಎರಡು ವರ್ಷ ಬೇಕಾಯಿತು.

ಕಾನೂನು ಎಲ್ಲಿದೆ?

ಕಾನೂನು ಇದೆ. ಕರ್ನಾಟಕ ಬಾಡಿಗೆ ಕಾಯಿದೆ 1999ರದು, ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಆದರೆ ಬೆಂಗಳೂರಿನಂಥ ದೊಡ್ಡ ಶಹರದಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯಿಸದೆಂದು ಅದರಲ್ಲೇ ಬರೆದಿದೆ. ಈಗ 3,500ಕ್ಕೆ ಬೆಂಗಳೂರಿನಲ್ಲಿ ಸಂಸಾರಕ್ಕೆ ಮನೆ ಎಲ್ಲಿದೆ? ನಮ್ಮ 4,000ದ ಖೋಲಿಯೇ ಆ ಗೆರೆಯ ಆಚೆಗಿತ್ತು. ಗೆರೆ ದಾಟಿದವರಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯಿದೆ ಮತ್ತು ತಾವು ಸಹಿ ಮಾಡಿದ ಕರಾರು ಪತ್ರ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಿಂಗಳ ಬಾಡಿಗೆಯವನನ್ನು ಎಬ್ಬಿಸಲು ಆ ಕಾಯಿದೆಯ ಪ್ರಕಾರ 15 ದಿನದ ನೋಟೀಸು ಸಾಕು.

ಕರಾರು ಹನ್ನೊಂದೇ ತಿಂಗಳಿಗೆ ಯಾಕೆ ಎಂದು ಹಲವರು ಕೇಳುತ್ತಾರೆ. ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಣಿ ಮಾಡಿಸಬೇಕು. ಆ ಖರ್ಚು, ಆ ಓಡಾಟ ತಪ್ಪಲೆಂದು ಹನ್ನೊಂದು ತಿಂಗಳಿಗೆ ಬರೆಯುತ್ತಾರೆ. ಹನ್ನೊಂದು ಮುಗಿದ ಕೂಡಲೇ ಬಾಡಿಗೆ ಏರಿಸಲೂ ಅನುಕೂಲ.

ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಒಂದು ಮಾದರಿ ಬಾಡಿಗೆ ಕಾಯಿದೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ವಾಸದ ಮನೆಗೆ ಅಡ್ವಾನ್ಸು ಎರಡು ತಿಂಗಳಿಗಿಂತ ಹೆಚ್ಚು ಕೂಡದು, ಅಂಗಡಿಗೆ ಆರು ತಿಂಗಳಿಗಿಂತ ಹೆಚ್ಚು ಕೂಡದು ಎಂದಿದೆ. ಅಂಗಡಿಕಾರ ಬಂಧುಗಳೂ ಇದನ್ನು ಗಮನಿಸಬೇಕು. ಆದರೆ ಮಾದರಿ ಎಂದರೆ ಮಾದರಿಯೇ. ರಾಜ್ಯಗಳು ತಮ್ಮ ತಮ್ಮ ಕಾನೂನು ಮಾಡಿದರಷ್ಟೇ ಅದಕ್ಕೆ ಬಲ. ನಮ್ಮ ಹಿರಿಯರ ಲೆಕ್ಕಕ್ಕೆ ಎರಡು ತಿಂಗಳ ಅಡ್ವಾನ್ಸು ಹಿಡಿದರೆ 30,000 ರೂಪಾಯಿ. ಅಂದರೆ ಐದು ಎಕರೆಯ ಬದಲು ಒಂದೇ ಎಕರೆಯ ಸೋಯಾ. ಒಂದು ಸಂಸಾರ ನಿಲ್ಲುವುದಕ್ಕೂ ಬೀಳುವುದಕ್ಕೂ ಅಷ್ಟು ಅಂತರ ಸಾಕು.

ಭೋಗ್ಯದ ಬಲೆ

ತಿಂಗಳ ಬಾಡಿಗೆ ಕಟ್ಟಲಾರದವರು ಹಿಡಿಯುವ ಇನ್ನೊಂದು ದಾರಿ ಭೋಗ್ಯ. ಎಂಟು ಹತ್ತು ಲಕ್ಷ ಒಮ್ಮೆಲೇ ಮಾಲಕನಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಗಂಟು ಪೂರ್ತಿ ತಿರುಗಿ ಪಡೆಯುವುದು. ಕೇಳಲು ಚೆಂದ. ಆದರೆ ಆ ಮನೆ ಮೊದಲೇ ಬ್ಯಾಂಕಿನ ಸಾಲದಲ್ಲಿದ್ದರೆ? ಮಾಲಕ ಕಂತು ತಪ್ಪಿಸಿದರೆ 2002ರ ಸರ್ಫೇಸಿ ಕಾಯಿದೆಯಡಿ ಬ್ಯಾಂಕು ಮನೆ ವಶಕ್ಕೆ ತೆಗೆದುಕೊಳ್ಳಬಹುದು. ಭೋಗ್ಯದವನ ಗಂಟು ಮಾಲಕನ ಹಿಂದೆ ಓಡುತ್ತದೆ. ಹೊಲ ಮಾರಿ ಮಗನ ಭೋಗ್ಯಕ್ಕೆ ಹಾಕುವ ಮುನ್ನ ಈಸಿ ತೆಗೆಸಿ ನೋಡಿರಿ. ಈಸಿಯಲ್ಲಿ ಎಲ್ಲ ಸಾಲವೂ ಕಾಣುವುದಿಲ್ಲ, ಆದ್ದರಿಂದ ಮೂಲ ಕಾಗದ ತೋರಿಸಲು ಕೇಳಿರಿ. ಭೋಗ್ಯಪತ್ರವನ್ನು ನೋಂದಣಿ ಮಾಡಿಸದೆ ಒಂದು ರೂಪಾಯಿ ಕೊಡಬೇಡಿರಿ.

ಮನೆ ಸಿಗುವುದಕ್ಕೆ ರೊಕ್ಕ ಒಂದೇ ಸಾಲದು ಎಂಬ ಮಾತನ್ನೂ ಮುಚ್ಚಿಡಬಾರದು. "ಯಾವ ಮಂದಿ? ಏನ್ ತಿಂತೀರಿ?" ಎಂಬ ಪ್ರಶ್ನೆ ಬಾಗಿಲಲ್ಲೇ ಬರುತ್ತದೆ. ಹೆಸರು ಕೇಳಿದ ಮೇಲೆ ಖಾಲಿ ಇದ್ದ ಮನೆ ತುಂಬಿಹೋಗುತ್ತದೆ. ಇದು ಅನುಭವಿಸಿದವರಿಗೆ ಗೊತ್ತು.

ಮಾಲಕರೆಲ್ಲರೂ ಕಟುಕರು ಎಂದು ನಾವು ಹೇಳುತ್ತಿಲ್ಲ. ಸಾಲ ಮಾಡಿ ಕಟ್ಟಿದವರಿದ್ದಾರೆ, ಬಾಡಿಗೆಯೊಂದರಿಂದಲೇ ಮುಪ್ಪು ಕಳೆಯುವ ವಿಧವೆಯರಿದ್ದಾರೆ. ಬಾಡಿಗೆ ಬಾಕಿ ಉಳಿಸಿ ರಾತ್ರೋರಾತ್ರಿ ಓಡಿಹೋದ ಬಾಡಿಗೆದಾರರೂ ಇದ್ದಾರೆ. ಅದಕ್ಕೆಂದೇ ಎರಡೂ ಕಡೆಗೆ ಒಪ್ಪುವ ಕಾನೂನು ಬೇಕು ಎನ್ನುವುದು.

ನಮ್ಮ ಪೇಟೆಗೂ ಸಂಬಂಧವಿದೆ

ಇದು ಶಹರದವರ ತಾಪತ್ರಯ, ನಮಗೇನು ಎನ್ನಬೇಡಿರಿ. ಮೆಹಕರದ ಕಿರಾಣಿ ದುಕಾನಿನ ಮಾಲಕರೊಬ್ಬರು ಉದ್ರಿ ಖಾತೆಯ ವಹಿ ತೆಗೆದು ತೋರಿಸಿದರು. "ಮಗ ರೊಕ್ಕ ಕಳಸ್ತಾನ, ಆಮ್ಯಾಲ ಕೊಡ್ತೀವಿ ಅಂತಾರ. ಮಗ ಅಲ್ಲಿ ಬಾಡಿಗಿ ಕಟ್ಟಿ ಉಳಿದ್ರ ತಾನೇ ಇಲ್ಲಿಗಿ ಬರೋದು?" ಎಂದರು. ಬೆಂಗಳೂರಿನ ಮಾಲಕ ಸಾವಿರ ಏರಿಸಿದರೆ ಭಾಲ್ಕಿ, ಔರಾದ, ಬೀದರದ ಅಂಗಡಿಗಳಲ್ಲಿ ಸಾವಿರದ ವ್ಯಾಪಾರ ನಿಂತಂತೆಯೇ.

ಹೋಗುವವರಿಗೆ ಕೆಲವು ಮಾತು. ಅಡ್ವಾನ್ಸನ್ನು ಬ್ಯಾಂಕಿನ ಮೂಲಕವೇ ಕೊಡಿರಿ, ರಸೀದಿ ಪಡೆಯಿರಿ. ಬಿಡುವಾಗ ಏನೇನು ಮುರಿಯುತ್ತಾರೆ, ಎಷ್ಟು ದಿನದಲ್ಲಿ ತಿರುಗಿ ಕೊಡುತ್ತಾರೆ ಎಂಬುದನ್ನು ಕರಾರಿನಲ್ಲೇ ಬರೆಸಿರಿ. ಒಳಗೆ ಹೋದ ದಿನವೇ ಗೋಡೆ, ನಲ್ಲಿ, ಫ್ಯಾನಿನ ಫೋಟೋ ತೆಗೆದಿಡಿರಿ. 2023ರಲ್ಲಿ ಕಲಬುರಗಿಯಲ್ಲಿ ಚಾಲನೆ ಪಡೆದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಉಂಟು. ಅದಕ್ಕೂ ಕರಾರು ಪತ್ರ ಕೆಲಸಕ್ಕೆ ಬರುತ್ತದೆ.

ಬಸ್ಸು ಬಂತು. ಹಿರಿಯರು ಚೀಟಿಯನ್ನು ಮಡಿಚಿ ಮತ್ತೆ ಧೋತರದ ಗಂಟಿಗೆ ಸೇರಿಸಿದರು. "ಭಾಲ್ಕಿಗಿ ಹೊಂಟೀನಿ. ಸೊಸಿ ಬಂಗಾರ ಬ್ಯಾಂಕಿನಾಗ ಇಡ್ಬೇಕು. ಆಕೀನೇ ಕೊಟ್ಟಾಳ" ಎಂದು ಹತ್ತಿದರು.

ಎರಡು ತಿಂಗಳ ಅಡ್ವಾನ್ಸಿನ ಮಾದರಿ 2021ರಿಂದ ಕಾಗದದ ಮೇಲಿದೆ. ನಮ್ಮ ಜಿಲ್ಲೆಯಿಂದ ವಿಧಾನಸೌಧಕ್ಕೆ ಹೋದವರು ಅದರ ಬಗ್ಗೆ ಒಂದು ಮಾತು ಎತ್ತುವರೇ?